ಗಿಟಾರ್ ನೆಕ್‌ಗೆ ವರ್ನಿಯರ್ ಹಿಡಿದ ಕಥೆ

ಹಗಲಲ್ಲಿ ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ, ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ ಗಿಟಾರ್. ಹದಿನೈದು ವರ್ಷದಿಂದ ನನ್ನ ಬದುಕು ಹೀಗೇ ನಡೆದಿದೆ.

ಆರ್ಕೆಸ್ಟ್ರಾದಲ್ಲಿ ಗಿಟಾರಿನವನ ಶತ್ರು ಶ್ರುತಿ. ಗಾಯಕರಿಗೆ ಯಾವುದು ಹಿತವೋ ಅದರಲ್ಲೇ ಹಾಡು. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ನೆಮ್ಮದಿಯಾಗಿರುತ್ತಾರೆ. ‘ಡಿ ಶಾರ್ಪ್’ ಎಂದರೆ ನನ್ನ ಪಾಲಿಗೆ ಓಪನ್ ಕಾರ್ಡ್ (ಕೆಲವು ತಂತಿಗಳನ್ನು ಒತ್ತದೆ ಬಿಡುವ ಸುಲಭದ ಕಾರ್ಡು) ಹೆಚ್ಚುಕಡಿಮೆ ಮುಗಿಯಿತು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬರೀ ಬಾರೆ ಕಾರ್ಡು, ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಕ್ಕೆ ಒತ್ತಿ ಹಿಡಿಯುವುದು. ಕೇಪೋ (ತಂತಿಗಳಿಗೆ ಅಡ್ಡ ಹಾಕಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಬಹುದಲ್ಲ ಎಂದು ಕೇಳುವವರು ಒಮ್ಮೆ ಹಾಡುಹಾಡಿಗೆ ಶ್ರುತಿ ಬದಲಾಗುವ ನಮ್ಮ ಮೆಡ್ಲಿಗೆ ಬಂದು ನುಡಿಸಲಿ.

ನನ್ನದು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರು, ತೆಳು ನೆಕ್, ಎಂದರೆ ತಂತಿ ಒತ್ತುವ ಕೈ ಹಿಡಿಯುವ ಉದ್ದನೆಯ ಮರದ ಕತ್ತು. (‘ನೆಕ್ಕು’ ಎಂದು ಬರೆದರೆ ನಾಲಿಗೆಯ ಕೆಲಸವಾಗುತ್ತದೆ, ಹಾಗಾಗಿ ನೆಕ್ ಎಂದೇ ಇರಲಿ.) ತೆಳುವಿದ್ದರೆ ಕೈ ಓಡುತ್ತದೆ ಎಂಬ ಮಾತು ನಂಬಿ ಕೊಂಡದ್ದು. 1987ರಲ್ಲಿ ಐಬನೆಝ್ ಕಂಪನಿಯ ಆರ್‌ಜಿ ಗಿಟಾರು ಬಂದ ಮೇಲೆ ವೇಗದ ಲೀಡ್ (ಒಂಟಿ ಸ್ವರಗಳ ಓಟ) ಎಂದರೆ ತೆಳು ನೆಕ್ ಎನ್ನುವ ಹಾಗಾಗಿತ್ತು. ಅವರ ವಿಝರ್ಡ್ 3 ನೆಕ್ ಮೊದಲ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ 19 ಮಿ.ಮೀ. ದಪ್ಪ, 12ನೇ ಫ್ರೆಟ್ ಹತ್ತಿರ 21. ನನ್ನದು ಆ ಕಂಪನಿಯದಲ್ಲ, ಆದರೂ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಿಡಿದಾಗ 19.6 ಮತ್ತು 21.4 ತೋರಿಸಿತು.

ಮೂರು ವರ್ಷದ ಹಿಂದೆ ಹಬ್ಬದ ಮೂರನೇ ಪ್ರೋಗ್ರಾಮು. ಹತ್ತು ಗಂಟೆಗೆ ಇನ್ನು ಅರ್ಧ ಗಂಟೆ ಇರುವಾಗ ಹೆಬ್ಬೆರಳಿನ ಬುಡದ ಮಾಂಸ ಗಂಟು ಕಟ್ಟಿದ ಹಾಗೆ ಸೆಟೆದುಕೊಂಡಿತು. ಬಿ ಫ್ಲ್ಯಾಟ್ ಒತ್ತಿದರೆ ತಂತಿ ಬರೀ ಟಕಟಕ ಅನ್ನುತ್ತಿದೆ. ಕೀಬೋರ್ಡಿನ ಅಣ್ಣ ಪಕ್ಕಕ್ಕೆ ಬಾಗಿ, “ಯಾಕೋ, ಸೌಂಡೇ ಬರ್ತಿಲ್ಲ?” ಅಂದರು. “ಕೈ ಹಿಡ್ಕೊಂಡ್‌ಬಿಡ್ತಣ್ಣ” ಅಂದೆ. ಉಳಿದ ನಾಲ್ಕು ಹಾಡಿಗೆ ಎರಡು ತಂತಿಯಲ್ಲೇ ಏನೋ ಮಾಡಿ ಮಾನ ಉಳಿಸಿಕೊಂಡೆ.

ಊರಲ್ಲಿ ಅಪ್ಪ ಗುದ್ದಲಿಗೆ ಕಾವು ಕೆತ್ತುವಾಗ, ಕೈಗೆ ತುಂಬಿಕೊಳ್ಳುವಷ್ಟು ದಪ್ಪ ಬಿಟ್ಟೇ ನಿಲ್ಲಿಸುತ್ತಿದ್ದರು. ಕಾವು ಸಣ್ಣಗಾದರೆ ಜಾರದಿರಲಿ ಎಂದು ಮುಷ್ಟಿ ತಾನೇ ಬಿಗಿಯಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೈ ಸೋಲುತ್ತದೆ. ಆ ರಾತ್ರಿ ವ್ಯಾನಿನಲ್ಲಿ ಕೈ ತಿಕ್ಕಿಕೊಳ್ಳುತ್ತಾ ಇದೇ ನೆನಪಾಯಿತು. ತೆಳು ನೆಕ್ ಮೇಲೆ ಬಾರೆ ಹಿಡಿದಾಗ ನಾನು ವಿಸಿಟಿಂಗ್ ಕಾರ್ಡ್ ಚಿವುಟಿ ಹಿಡಿದ ಹಾಗೆ ಹಿಡಿಯುತ್ತಿದ್ದೆ. ಅರ್ಧ ತಪ್ಪು ನನ್ನ ಅಭ್ಯಾಸದ್ದು, ಅದನ್ನೂ ಹೇಳಬೇಕು.

ಸ್ಟ್ರಾಟ್ ಮಾದರಿಯಲ್ಲಿ ಒಂದು ಅನುಕೂಲವಿದೆ. ನೆಕ್ ಅನ್ನು ಅಂಟಿಸಿರುವುದಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಹಳೆಯದೊಂದು ದಪ್ಪ ನೆಕ್ ಸಿಕ್ಕಿತು: ಮೊದಲ ಫ್ರೆಟ್‌ನಲ್ಲಿ 25.1, 12ನೇ ಫ್ರೆಟ್‌ನಲ್ಲಿ 26.2. ಬುಡದ ಅಗಲ 56 ಮಿ.ಮೀ., ನಟ್ (ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ 42, ಸ್ಕೇಲ್ (ತಂತಿ ಮಿಡಿಯುವ ಉದ್ದ) 648, ಎಲ್ಲ ನನ್ನದಕ್ಕೆ ಸರಿಯಾಗಿ. ಅದೇ ಬಾಡಿ, ಅದೇ ಪಿಕಪ್, ಅದೇ 10–46 ದಪ್ಪದ ತಂತಿ. ಇನ್‌ಸ್ಪೆಕ್ಷನ್‌ನವನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದಿಲ್ಲ.

ದಪ್ಪ ನೆಕ್‌ನಲ್ಲಿ ಸೌಂಡೂ ದಪ್ಪ ಎನ್ನುತ್ತಾರಲ್ಲ, ಅದನ್ನೂ ನೋಡಿಬಿಡೋಣ ಎಂದು ಎರಡರಲ್ಲೂ ಒಂದೇ ಬಿಟ್ ನುಡಿಸಿ ರೆಕಾರ್ಡ್ ಮಾಡಿ ಅಣ್ಣನಿಗೆ ಕೇಳಿಸಿದೆ. ಮೊದಲ ಸಲ ಒಂದನೆಯದು ಚೆನ್ನಾಗಿದೆ ಅಂದರು, ಊಟ ಆದ ಮೇಲೆ ಎರಡನೆಯದು. ಆ ವಿಷಯ ಅಲ್ಲಿಗೇ ಬಿಟ್ಟೆ.

ಬಾರೆ ಕಾರ್ಡಿಗೆ ಸ್ವರ್ಗ. ಅಂಗೈಗೆ ಊರಲು ಜಾಗ ಸಿಕ್ಕ ಮೇಲೆ ಹೆಬ್ಬೆರಳು ಚಿವುಟುವುದನ್ನು ಬಿಟ್ಟಿತು. ಇನ್ನೊಂದು ಲಾಭವೂ ಆಯಿತು. ಬಾಗದೆ ನಿಲ್ಲುವ ಮರದ ಬಿಗಿ ಹೆಚ್ಚುಕಡಿಮೆ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 19.6ಕ್ಕೆ 25.1 ಎಂದರೆ ಲೆಕ್ಕದಲ್ಲಿ ಎರಡರಷ್ಟು. ಆರು ತಂತಿ ಸೇರಿ ಎಳೆಯುವುದು ಸುಮಾರು 47 ಕಿಲೋ. ತೆಳು ನೆಕ್ ಇದ್ದಾಗ ಘಟ್ಟ ಇಳಿದು ಮಂಗಳೂರು ಕಡೆ ಪ್ರೋಗ್ರಾಮಿಗೆ ಹೋದರೆ ಆ ಸೆಕೆ, ತೇವಕ್ಕೆ ನೆಕ್ ಬಾಗಿ, ಸ್ಟೇಜಿನ ಹಿಂದೆ ಟ್ರಸ್ ರಾಡ್ (ನೆಕ್ ಒಳಗೆ ಕೂತು ಬಾಗು ತಿದ್ದುವ ಸರಳು) ತಿರುಗಿಸುವುದೇ ಕೆಲಸ. ಈಗ ಅಲೆನ್ ಕೀ ಬ್ಯಾಗಿನಿಂದ ಹೊರಗೆ ಬರುವುದೇ ಅಪರೂಪ.

ಆದರೆ ಲೀಡ್ ಬಂದಾಗ ಸಿಕ್ಕಿಬಿದ್ದೆ. ತಂತಿ ಎಳೆದು ಬೆಂಡ್ ಮಾಡಲು ಹೆಬ್ಬೆರಳನ್ನು ನೆಕ್ ಮೇಲಂಚಿಗೆ ಕೊಕ್ಕೆ ಹಾಕಬೇಕು, ಅದು ಅಲ್ಲಿಯ ತನಕ ಎಟಕುತ್ತಲೇ ಇಲ್ಲ. ಅಂಗಡಿಯೊಂದರಲ್ಲಿ 50ರ ದಶಕದ ಬಗೆಯ ನೆಕ್ ಇರುವ, ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರು ಹಿಡಿದು ನೋಡಿದೆ. ಲೆಸ್ ಪಾಲ್ 1952ರಲ್ಲಿ ಬಂದದ್ದು, ನೆಕ್ ತೆಳುವಾದದ್ದು 1960ರಲ್ಲಿ, ಗಿಬ್ಸನ್ ಈಗಲೂ 50ರದ್ದು, 60ರದ್ದು ಎಂದು ಎರಡು ಬಗೆ ಮಾರುತ್ತದೆ. ಇದು ಆ ದಪ್ಪ ಬಗೆ. ಆದರೂ ಕೈಗೆ ನನ್ನದಕ್ಕಿಂತ ಎಷ್ಟೋ ಸಣ್ಣಗೆ ಕಂಡಿತು. ವರ್ನಿಯರ್ ಹೇಳಿದ ವ್ಯತ್ಯಾಸಕ್ಕಿಂತ ಕೈ ಹೇಳಿದ ವ್ಯತ್ಯಾಸ ದೊಡ್ಡದು.

ಮರುದಿನ ಅದೇ ಅಂಗಡಿಗೆ ದಪ್ಪ ಸೋಲ್ಡರ್ ತಂತಿ ತೆಗೆದುಕೊಂಡು ಹೋದೆ. ಅಂಗಡಿಯವರ ಒಪ್ಪಿಗೆ ಕೇಳಿ, ನೆಕ್‌ನ ಬೆನ್ನಿಗೆ ಒಂದು ಬಟ್ಟೆ ಸುತ್ತಿ, ಮೊದಲ ಫ್ರೆಟ್ ನೇರಕ್ಕೆ ತಂತಿಯನ್ನು ಅಂಚಿನಿಂದ ಅಂಚಿಗೆ ಒತ್ತಿ ಬಗ್ಗಿಸಿದೆ. ಮೆಲ್ಲಗೆ ಬಿಡಿಸಿ ಗ್ರಾಫ್ ಹಾಳೆಯ ಮೇಲಿಟ್ಟು ಪೆನ್ಸಿಲ್ ಆಡಿಸಿದರೆ ನೆಕ್‌ನ ಅಡ್ಡಕೊಯ್ತ ಸಿಕ್ಕಿತು. “ಏನ್ ಸಾರ್, ಅಳತೆ ತಗೊಂಡು ಬ್ಲೌಸ್ ಹೊಲಿಸ್ತೀರಾ?” ಎಂದು ಅಂಗಡಿ ಹುಡುಗ ನಕ್ಕ. ಮನೆಗೆ ಬಂದು ನನ್ನ ಎರಡು ನೆಕ್‌ಗಳದ್ದೂ ಬರೆದು, ಮೂರನ್ನೂ ಒಂದರ ಮೇಲೊಂದಿಟ್ಟು ಬಲ್ಬಿನ ಮುಂದೆ ಹಿಡಿದೆ.

ಉತ್ತರ ಭುಜದಲ್ಲಿತ್ತು. ನೆಕ್‌ನ ಬೆನ್ನು ಫ್ರೆಟ್‌ಬೋರ್ಡಿನ ಅಂಚಿಗೆ ತಿರುಗುವ ಜಾಗಕ್ಕೆ ಭುಜ ಎನ್ನುತ್ತೇನೆ. ನನ್ನ ದಪ್ಪ ನೆಕ್‌ನದು ‘ಯು’ ಆಕಾರ, ಭುಜ ತುಂಬಿಕೊಂಡಿದೆ. ಲೆಸ್ ಪಾಲ್‌ನದು ದುಂಡಗಿನ ‘ಸಿ’, ನಡುಬೆನ್ನು ಎತ್ತರ, ಭುಜ ಇಳಿಜಾರು. ಕ್ಯಾಟಲಾಗಿನಲ್ಲಿ ಕಾಣುವ ಸಿ, ಡಿ, ಯು, ವಿ ಅಕ್ಷರಗಳೆಲ್ಲ ಈ ಕೊಯ್ತದ ಚಿತ್ರಗಳೇ. ‘ವಿ’ ಎಂದರೆ ದೋಣಿಯ ತಳದ ಹಾಗೆ ನಡುವೆ ಏಣು, 50ರ ದಶಕದ ನಡುವಿನ ಸ್ಟ್ರಾಟ್‌ಗಳಲ್ಲಿ ಇದ್ದದ್ದು. ಹೆಬ್ಬೆರಳು ಮೇಲಂಚಿಗೆ ಹೋಗಬೇಕಾದರೆ ದಾಟಬೇಕಾದದ್ದು ಭುಜವನ್ನು. ಎರಡು ಫ್ರೆಟ್ ಹತ್ತಿರ ಅಳೆದ ಎರಡು ಸಂಖ್ಯೆ ನಂಬಿ ಗಿಟಾರು ತರಿಸಿಕೊಳ್ಳುವವರು ಬಟ್ಟೆಯನ್ನು ಬರೀ ಸೊಂಟದ ಸುತ್ತಳತೆ ಕೊಟ್ಟು ಹೊಲಿಸಿದ ಹಾಗೆ.

ಆಮೇಲೆ ಉಜ್ಜಲು ಕೂತೆ. ನಡುಬೆನ್ನನ್ನು ಮುಟ್ಟಲಿಲ್ಲ, ಒಳಗೆ ಟ್ರಸ್ ರಾಡ್ ಇದೆ, ಅದರ ಮೇಲೆ ಎಷ್ಟು ಮರ ಉಳಿದಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಫ್ರೆಟ್‌ಬೋರ್ಡಿನ ಅಂಚಿಗೆ ಟೇಪ್ ಸುತ್ತಿ, ಬರೀ ಭುಜಗಳಿಗೆ 120 ನಂಬರಿನ ಎಮರಿ, ಆಮೇಲೆ 180, ಕೊನೆಗೆ 320. ಇಪ್ಪತ್ತು ಎಳೆತಕ್ಕೊಮ್ಮೆ ಸೋಲ್ಡರ್ ತಂತಿ ಹಿಡಿದು ಹಾಳೆಯ ಗೆರೆಗೆ ಹೋಲಿಸುವುದು. ಮೂರು ಭಾನುವಾರ ಹೋಯಿತು, ಬಾಲ್ಕನಿ ತುಂಬ ಮೇಪಲ್ ಹುಡಿ, ಮನೆಯವಳ ಮಾತು ಇಲ್ಲಿ ಬೇಡ. ಮುಗಿಸಿ ಅಗಸೆ ಎಣ್ಣೆ ತಿಕ್ಕಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ನಾನು ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹರವಿ ಒಣಗಿಸಿದೆ. ತಂತಿ ಕಟ್ಟಿ, ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು, 7ನೇ ಫ್ರೆಟ್ ಹತ್ತಿರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ, ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿ.ಮೀ. ಸಂದು ಬರುವಂತೆ ರಾಡ್ ಕೂರಿಸಿದೆ.

ನಡುವಿನ ದಪ್ಪ ಈಗಲೂ 25.1. ಆದರೂ ಹಿಡಿದು ನೋಡಿದವರು ಇಪ್ಪತ್ತೆರಡು ಇರಬಹುದು ಎನ್ನುತ್ತಾರೆ. ಬಾರೆಗೆ ಅಂಗೈ ತುಂಬುತ್ತದೆ, ಬೆಂಡಿಗೆ ಹೆಬ್ಬೆರಳು ಮೇಲೆ ಹತ್ತುತ್ತದೆ.

ತೆಳು ನೆಕ್ ಅನ್ನು ಅಕ್ಕನ ಮಗನಿಗೆ ಕೊಟ್ಟೆ. ಅವನು ಮೆಟಲ್ ನುಡಿಸುವವನು, ಹೆಬ್ಬೆರಳು ಸದಾ ಬೆನ್ನಿನ ನಡುವೆ, ಬಾರೆ ಕಡಿಮೆ. “ಮಾವಾ, ಇದರಲ್ಲಿ ನಿಮಗೆ ಕೈ ನೋವು ಯಾಕೆ ಬಂತು ಅಂತಲೇ ಅರ್ಥ ಆಗ್ತಿಲ್ಲ” ಅನ್ನುತ್ತಾನೆ.

ನನ್ನ ನೆಕ್‌ನಲ್ಲಿ ಒಂದು ದೋಷ ಉಳಿದಿದೆ. ಎರಡನೇ ಭಾನುವಾರ ಫೋನ್ ಬಂತೆಂದು ಮಾತಾಡುತ್ತಾ ಉಜ್ಜಿ, ಮೂರನೇ ಫ್ರೆಟ್ ಹಿಂದೆ ಮೇಲ್ಗಡೆ ಭುಜದಲ್ಲಿ ಸಣ್ಣ ತಗ್ಗು ಮಾಡಿಬಿಟ್ಟೆ. ಪೆಂಡಾಲಿನಲ್ಲಿ ಲೈಟು ಹೋದಾಗ ಮೂರನೇ ಫ್ರೆಟ್ ಎಲ್ಲಿದೆಯೆಂದು ಹೆಬ್ಬೆರಳಿಗೆ ಗೊತ್ತಾಗುವುದು ಅದರಿಂದಲೇ.