ಹಳೆಯ ಬಟ್ಟೆಯಲ್ಲಿ ಮರದ ತೊಗಟೆ: ಗೋಡೆಗೆ ತೂಗುಹಾಕುವ ಕಲಾಕೃತಿಯನ್ನು ಮಾಡುವ ಬಗೆ

ಪ್ರಕೃತಿಯನ್ನು ಬಟ್ಟೆಯ ಮೇಲೆ ತರಲು ಹೊರಟವರು ಬಹುಮಟ್ಟಿಗೆ ಹೂವನ್ನೋ ಚಿಟ್ಟೆಯನ್ನೋ ಆರಿಸಿಕೊಳ್ಳುತ್ತಾರೆ. ಆದರೆ ಉಟ್ಟು ತೊಟ್ಟು ಹಳತಾದ ಬಟ್ಟೆಗೆ ಅವುಗಳಿಗಿಂತ ಚೆನ್ನಾಗಿ ಒಗ್ಗುವುದು ಮರದ ತೊಗಟೆ. ಮಾಸಿದ ಬಣ್ಣ, ಸವೆದ ಮೊಣಕೈ, ಎಳೆ ಬಿಟ್ಟ ಅಂಚು, ಹೊಲಿಗೆ ಬಿಚ್ಚಿದ ಗುರುತು ಇವೆಲ್ಲವನ್ನೂ ಹೊಸ ಬಟ್ಟೆಯಲ್ಲಿ ಪ್ರಯತ್ನಪಟ್ಟು ತರಬೇಕು. ಹಳೆಯದರಲ್ಲಿ ಅವು ಮೊದಲೇ ಇರುತ್ತವೆ.

ಕೆಲಸ ಶುರುವಾಗುವುದು ಸೂಜಿಯಿಂದಲ್ಲ, ಮರದ ಬಳಿಯಿಂದ. ತೊಗಟೆಯ ಮೇಲೆ ತೆಳುವಾದ ಕಾಗದವನ್ನಿಟ್ಟು ಮೇಣದ ಬಳಪವನ್ನು ಅಡ್ಡಲಾಗಿ ಹಿಡಿದು ಉಜ್ಜಿದರೆ ಅದರ ಬಿರುಕುಗಳ ವಿನ್ಯಾಸ ಕಾಗದಕ್ಕೆ ಇಳಿಯುತ್ತದೆ. ಬಿರುಕುಗಳು ನೆಟ್ಟಗೆ ಮೇಲೇರುತ್ತವೆಯೋ, ಬಲೆಯ ಹಾಗೆ ಹೆಣೆದುಕೊಳ್ಳುತ್ತವೆಯೋ, ಅಡ್ಡಡ್ಡಲಾಗಿ ಸುತ್ತುತ್ತವೆಯೋ ಎಂಬುದನ್ನು ಗಮನಿಸಿ. ಮುಂದೆ ಹೊಲಿಗೆ ಯಾವ ದಿಕ್ಕಿನಲ್ಲಿ ಸಾಗಬೇಕೆಂಬುದನ್ನು ನಿರ್ಧರಿಸುವುದು ಈ ಹಾಳೆಯೇ.

ಬಟ್ಟೆಗಳನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು ಒಣಗಿಸಿ, ನಂತರ ಜಾತಿವಾರು ವಿಂಗಡಿಸಬೇಕು. ಅನುಮಾನವಿರುವ ಬಟ್ಟೆಯಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ನೀರು ತುಂಬಿದ ಪಾತ್ರೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ, ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಚಹಾದ ಬಣ್ಣವನ್ನು ಸರಿಯಾಗಿ ಹೀರುವುದಿಲ್ಲವಾದ್ದರಿಂದ ಅದನ್ನು ಇದ್ದ ಬಣ್ಣದಲ್ಲೇ ಬಳಸಿಕೊಳ್ಳುವುದು ಒಳ್ಳೆಯದು.

ಇನ್ನು ಬಣ್ಣ ಕಟ್ಟುವ ಕೆಲಸ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಸೊಗಸಾದ ಘಟ್ಟ ಇದು. ಹತ್ತಿಯ ತುಂಡುಗಳನ್ನು ಗಾಢವಾದ ಚಹಾ ಕಷಾಯದಲ್ಲಿ ರಾತ್ರಿಯಿಡೀ ನೆನೆಸಿದರೆ ತಿಳಿಗಂದು ಬಣ್ಣ ಬರುತ್ತದೆ. ಬಳಿಕ ನೀರು ಮತ್ತು ವಿನೆಗರ್ ಸಮಪ್ರಮಾಣದಲ್ಲಿ ಬೆರೆಸಿದ ದ್ರವದಲ್ಲಿ ಅವನ್ನು ಅದ್ದಿ, ತುಕ್ಕು ಹಿಡಿದ ಮೊಳೆ, ಬೋಲ್ಟು, ತಂತಿಗಳಿಗೆ ಬಿಗಿಯಾಗಿ ಸುತ್ತಿ, ಒಣಗದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿಡಬೇಕು. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಕೂಡಿದಾಗ ಬೂದುಗಪ್ಪು ಬಣ್ಣ ಹುಟ್ಟುತ್ತದೆ. ಶತಮಾನಗಳ ಕಾಲ ಹಸ್ತಪ್ರತಿಗಳನ್ನು ಬರೆಯಲು ಬಳಸಿದ ಕಪ್ಪು ಶಾಯಿಯ ಹಿಂದಿದ್ದುದೂ ಇದೇ ಕ್ರಿಯೆ. ಒಂದು ದಿನದ ನಂತರ ಬಿಚ್ಚಿದರೆ ಕಂದು, ಕಿತ್ತಳೆ, ಕಪ್ಪು ಸೇರಿದ ಕಲೆಗಳು ಕಾಣುತ್ತವೆ. ಅವು ಯಾವ ಎರಡು ತುಂಡುಗಳಲ್ಲೂ ಒಂದೇ ಸಮ ಬರುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬೇಡಿ. ಉಳಿದ ಕಬ್ಬಿಣ ಮತ್ತು ಆಮ್ಲ ಹತ್ತಿಯ ನಾರನ್ನು ಕ್ರಮೇಣ ತಿನ್ನುತ್ತವೆಯಾದ್ದರಿಂದ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಚೆನ್ನಾಗಿ ಜಾಲಾಡುವುದನ್ನು ಮರೆಯಬಾರದು.

ಹಳೆಯ ಹಾಸಿಗೆ ಹೊದಿಕೆಯಿಂದ ಸುಮಾರು 30 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ತಳಬಟ್ಟೆಯನ್ನು ಕತ್ತರಿಸಿಕೊಳ್ಳಿ. ಬಣ್ಣ ಕಟ್ಟಿದ ತುಂಡುಗಳನ್ನು ಮಾತ್ರ ಕತ್ತರಿಸದೆ ಉದ್ದುದ್ದ ಪಟ್ಟಿಗಳಾಗಿ ಹರಿಯಿರಿ. ಹರಿದ ಅಂಚಿನ ಎಳೆಗಳೇ ತೊಗಟೆಯ ಒರಟುತನವನ್ನು ಕೊಡುತ್ತವೆ. ಪಟ್ಟಿಗಳನ್ನು ಒಂದರ ಮೇಲೊಂದು ಅರ್ಧಂಬರ್ಧ ಬರುವಂತೆ ಹರಡಿ, ಗುಂಡುಸೂಜಿ ಚುಚ್ಚಿ, ಸರಳ ಓಟದ ಹೊಲಿಗೆ ಹಾಕಿ. ದಾರವನ್ನು ತುಸು ಬಿಗಿಯಾಗಿ ಎಳೆದಲ್ಲೆಲ್ಲ ಬಟ್ಟೆ ಸುಕ್ಕುಗಟ್ಟಿ ಉಬ್ಬು ತಗ್ಗುಗಳು ಮೂಡುತ್ತವೆ. ಆಳವಾದ ಬಿರುಕು ಬೇಕಾದಲ್ಲಿ ಎರಡು ಪಟ್ಟಿಗಳ ನಡುವೆ ಗಾಢ ಬಣ್ಣದ ತಳ ಕಾಣುವಷ್ಟು ಜಾಗ ಬಿಡಿ. ಇಸ್ತ್ರಿ ಮಾಡುವ ಆಸೆಯನ್ನು ತಡೆದುಕೊಳ್ಳಿ.

ಪಾಚಿಗೆ ಹಳೆಯ ಉಣ್ಣೆಯ ಸ್ವೆಟರ್ ಬಹಳ ಒಳ್ಳೆಯದು. ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಉಜ್ಜಿದರೆ ಉಣ್ಣೆಯ ನಾರಿನ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹೆಣಿಗೆ ಕುಗ್ಗಿ ದಪ್ಪವಾಗುತ್ತದೆ. ಆಮೇಲೆ ಹೇಗೆ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಯಂತ್ರದಲ್ಲಿ ಒಗೆಯಲೆಂದೇ ಸಂಸ್ಕರಿಸಿದ ಉಣ್ಣೆ ಹೀಗೆ ಕುಗ್ಗದು. ಕಲ್ಲುಹೂವನ್ನು ತಿಳಿಹಸಿರು, ಬೂದು ದಾರಗಳ ಒತ್ತೊತ್ತಾದ ಗಂಟು ಹೊಲಿಗೆಯಿಂದ ಮೂಡಿಸಬಹುದು. ನಿಜವಾದ ಕಲ್ಲುಹೂವನ್ನು ದಯವಿಟ್ಟು ಕೀಳಬೇಡಿ. ಅದರ ಎಷ್ಟೋ ಜಾತಿಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಜೀವಂತ ಮರದ ತೊಗಟೆಯನ್ನೂ ಸುಲಿಯಬಾರದು. ನೆಲಕ್ಕೆ ಬಿದ್ದ ಕಡ್ಡಿ, ಬೀಜದ ಸಿಪ್ಪೆ, ಒಣ ಕಾಯಿಗಳು ಸಾಕು. ಅವನ್ನು ಪೂರ್ತಿ ಒಣಗಿಸಿ, ಹುಳುಗಳಿದ್ದರೆ ಸಾಯುವಂತೆ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟು, ಅಂಟಿಸುವ ಬದಲು ದಾರದಿಂದ ಬಿಗಿಯಿರಿ.

ಕೊನೆಗೆ ಹಿಂಬದಿಗೆ ಇನ್ನೊಂದು ಬಟ್ಟೆ ಹೊಲಿದು, ಮೇಲಂಚನ್ನು ಕೊಳವೆಯಂತೆ ಮಡಚಿ, ಬಿದ್ದ ಕೊಂಬೆಯೊಂದನ್ನು ಅದರಲ್ಲಿ ತೂರಿಸಿ ತೂಗುಹಾಕಿ. ನೇರ ಬಿಸಿಲು ತಾಗಿದರೆ ಚಹಾದ ಬಣ್ಣ ಮಾಸುತ್ತದೆ. ಬಿಸಿಲು ತಾಗದ, ಆದರೆ ಪಕ್ಕದಿಂದ ಬೆಳಕು ಬೀಳುವ ಗೋಡೆಯಾದರೆ ಸುಕ್ಕುಗಳ ನೆರಳು ಎದ್ದು ಕಾಣುತ್ತದೆ.