ಊರಿನ ಅಡ್ಡಹೆಸರಿನ ಮೂಲ ಹುಡುಕುವ ಬಗೆ: ಮ್ಯಾಡ್‌ಚೆಸ್ಟರ್ ಒಂದು ನಿದರ್ಶನ

ಸಂಗೀತದ ಬಳಗವೊಂದರಲ್ಲಿ ಹುಟ್ಟಿ ಇಡೀ ಊರಿಗೇ ಅಂಟಿಕೊಂಡ ಅಡ್ಡಹೆಸರಿನ ಮೂಲವನ್ನು ಹುಡುಕುವವರು, ಅದನ್ನು ಮೊದಲು ಆಡಿದವರು ಯಾರು, ಅಚ್ಚಿಗೆ ತಂದವರು ಯಾರು, ಹಬ್ಬಿಸಿದವರು ಯಾರು ಎಂಬ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ 1980ರ ದಶಕದ ಕೊನೆಯಲ್ಲಿ ಬಂದ ‘ಮ್ಯಾಡ್‌ಚೆಸ್ಟರ್’ ಎಂಬ ಹೆಸರು ಈ ಅಭ್ಯಾಸಕ್ಕೆ ತಕ್ಕದ್ದು, ಏಕೆಂದರೆ ಅದರ ದಾಖಲೆಗಳು ಸಾಕಷ್ಟು ಉಳಿದಿವೆ.

ಕಾಲ ಖಚಿತವಾಗಿರುವ ಒಂದು ವಸ್ತುವಿನಿಂದ ಆರಂಭಿಸಿ. ಹಳಬರ ನೆನಪುಗಳನ್ನು ಆಮೇಲೆ ಅದಕ್ಕೆ ಒರೆಹಚ್ಚಬಹುದು. ಇಲ್ಲಿ ಅಂಥ ವಸ್ತುವೆಂದರೆ ಫ್ಯಾಕ್ಟರಿ ರೆಕಾರ್ಡ್ಸ್ ಸಂಸ್ಥೆ 1989ರ ನವೆಂಬರಿನಲ್ಲಿ ಹೊರತಂದ, ಹ್ಯಾಪಿ ಮಂಡೇಸ್ ಎಂಬ ಗಿಟಾರ್ ತಂಡದ ‘ಮ್ಯಾಡ್‌ಚೆಸ್ಟರ್ ರೇವ್ ಆನ್’ ಎಂಬ ಧ್ವನಿಮುದ್ರಿಕೆ. ಈ ಸಂಸ್ಥೆ ತನ್ನ ಮುದ್ರಿಕೆಗಳಿಗಷ್ಟೇ ಅಲ್ಲದೆ ಭಿತ್ತಿಪತ್ರಗಳಿಗೂ ತಾನು ನಡೆಸುತ್ತಿದ್ದ ಹಾಸಿಯೆಂಡಾ ಕ್ಲಬ್ಬಿಗೂ ಕ್ರಮಸಂಖ್ಯೆ ಕೊಡುತ್ತಿತ್ತು. ಕ್ಲಬ್ಬಿನದು 51, ಈ ಮುದ್ರಿಕೆಯದು 242. ಆದರೆ ಆ ಸಂಖ್ಯೆಗಳು ಸದಾ ಕಾಲಾನುಕ್ರಮದಲ್ಲಿರುವುದಿಲ್ಲವಾದ್ದರಿಂದ, ಬಿಡುಗಡೆಯ ದಿನಾಂಕವನ್ನು ಆ ಕಾಲದ ಪತ್ರಿಕೆಗಳಲ್ಲಿ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಬಳಿಕ, ಮುದ್ರಿಕೆಯ ಮೇಲೆ ಹೆಸರಿರುವವರೇ ಆ ಪದವನ್ನು ಕಟ್ಟಿದವರೆಂದು ಊಹಿಸದೆ, ಅವರ ಸುತ್ತಲಿನವರನ್ನು ವಿಚಾರಿಸಿ. ‘ಮ್ಯಾಡ್‌ಚೆಸ್ಟರ್’ ಎಂಬ ಪದವನ್ನು ಸೂಚಿಸಿದವರು ತಂಡದ ವಿಡಿಯೋಗಳನ್ನು ನಿರ್ದೇಶಿಸುತ್ತಿದ್ದ ‘ಬೈಲಿ ಬ್ರದರ್ಸ್’ ಜೋಡಿ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ಹಬ್ಬಿದ್ದು ಮಾತ್ರ ಬೇರೆ ದಾರಿಗಳಲ್ಲಿ: ಅದೇ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಕಡೆಯವೇ ಆದ ಹ್ಯಾಪಿ ಮಂಡೇಸ್ ಮತ್ತು ಸ್ಟೋನ್ ರೋಸಸ್ ತಂಡಗಳೆರಡೂ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟಿವಿ ಸಂಗೀತ ಕಾರ್ಯಕ್ರಮದ ಒಂದೇ ಸಂಚಿಕೆಯಲ್ಲಿ ಕಾಣಿಸಿಕೊಂಡವು, ಲಂಡನ್ನಿನ ಸಂಗೀತ ವಾರಪತ್ರಿಕೆಗಳು ಈ ಹೆಸರನ್ನು ಎತ್ತಿಕೊಂಡವು, ಟೀ ಶರ್ಟುಗಳ ಮೇಲೂ ಅದು ಬಂತು. ಪತ್ರಿಕೆಗಳನ್ನು ಓದುವಾಗ ‘ಬ್ಯಾಗಿ’ ಎಂಬುದನ್ನು ಬೇರೆಯಾಗಿಡಿ. ಅದು ಸಂಗೀತಶೈಲಿಯ ಮತ್ತು ಉಡುಪಿನ ಹೆಸರು, ಊರಿನದಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಹೆಸರಿಗೂ ಹಿಂದಿನ ವರ್ಷಗಳಿಗೆ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಸಿಯೆಂಡಾ ತೆರೆದದ್ದು 1982ರ ಮೇ ತಿಂಗಳಲ್ಲಿ. ಮೈಕ್ ಪಿಕರಿಂಗ್ ಮೊದಲಾದ ಡಿಜೆಗಳು ಷಿಕಾಗೋ, ಡೆಟ್ರಾಯಿಟ್‌ಗಳ ಕಪ್ಪು ಕಲಾವಿದರ ಹೌಸ್ ಮತ್ತು ಟೆಕ್ನೋ ಎಂಬ ವಿದ್ಯುನ್ಮಾನ ನೃತ್ಯಸಂಗೀತವನ್ನು ಅಲ್ಲಿ ನುಡಿಸಿ, ಕುಣಿಯುವ ಜನರನ್ನು ಕೂಡಿಸಿದ್ದು ಈ ಹೆಸರು ಅಚ್ಚಾಗುವ ಮೊದಲೇ. ಗಿಟಾರ್ ತಂಡದ ಮುದ್ರಿಕೆಯಿಂದ ಹೊರಟ ಹೆಸರು ಕೀರ್ತಿಯನ್ನೆಲ್ಲ ಗಿಟಾರ್ ತಂಡಗಳ ಕಡೆಗೇ ಎಳೆದುಕೊಂಡಿತು. ಡಿಜೆಗಳೂ ಕುಣಿತಕ್ಕೆ ಮೊದಲು ಇಳಿದವರೂ ಹಿಂದೆ ಸರಿದರು. ಹೆಸರಿನ ಚರಿತ್ರೆಯನ್ನೇ ಸಂಗೀತದ ಚರಿತ್ರೆಯೆಂದು ಬರೆದರೆ ಈ ಅನ್ಯಾಯ ಮುಂದುವರಿಯುತ್ತದೆ.

ಇದಕ್ಕೆ ಬೇಕಾದ ಕರಪತ್ರ, ಟಿಕೆಟ್ಟು, ಭಿತ್ತಿಪತ್ರಗಳನ್ನು ಮ್ಯಾಂಚೆಸ್ಟರ್ ಡಿಜಿಟಲ್ ಮ್ಯೂಸಿಕ್ ಆರ್ಕೈವ್‌ನಲ್ಲಿ ಮನೆಯಿಂದಲೇ ನೋಡಬಹುದು. ಆ ಊರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ 2022ರಲ್ಲಿ ಆರಂಭವಾದ ಬ್ರಿಟಿಷ್ ಪಾಪ್ ಆರ್ಕೈವ್ ಕೂಡ ಇದೆ. 1986ರಿಂದ 1990ರವರೆಗಿನ ಕರಪತ್ರಗಳನ್ನು ತಿಂಗಳುವಾರು ಜೋಡಿಸಿ, ಪ್ರತಿಯೊಂದರಲ್ಲೂ ಊರನ್ನು ಯಾವ ಹೆಸರಿನಿಂದ ಕರೆದಿದ್ದಾರೆಂದು ಗುರುತು ಹಾಕಿಕೊಳ್ಳಿ. ಅಡ್ಡಹೆಸರು ಕಾಣದ ಹಾಳೆಗಳನ್ನೂ ಕಾಣುವ ಹಾಳೆಗಳಷ್ಟೇ ಜೋಪಾನವಾಗಿ ಪಟ್ಟಿಗೆ ಸೇರಿಸಿ.