ಮೊಡವೆಗೆ ಆ್ಯಂಟಿಬಯಾಟಿಕ್ ಜೆಲ್: ಹಚ್ಚುವುದು ಹೇಗೆ, ನಿಲ್ಲಿಸುವುದು ಯಾವಾಗ?

ಮೊಡವೆಯ ಚಿಕಿತ್ಸೆಗೆ ಚರ್ಮರೋಗ ತಜ್ಞರು ಬರೆದುಕೊಡುವ ಔಷಧಗಳಲ್ಲಿ ಕ್ಲಿಂಡಾಮೈಸಿನ್ ಜೆಲ್‌ನ ಹೆಸರು ಪದೇ ಪದೇ ಕಾಣಿಸುತ್ತದೆ. ಶೇ 1ರ ಸಾಂದ್ರತೆಯ ಈ ಜೆಲ್ ಅಲ್ಲದೆ ನಾಡಿಫ್ಲಾಕ್ಸಾಸಿನ್ ಕ್ರೀಮ್, ಎರಿಥ್ರೊಮೈಸಿನ್ ಲೋಷನ್, ಮಿನೊಸೈಕ್ಲಿನ್ ಜೆಲ್‌ಗಳೂ ಇದೇ ಗುಂಪಿಗೆ ಸೇರಿದವು. ಇವೆಲ್ಲ ಆ್ಯಂಟಿಬಯಾಟಿಕ್‌ಗಳು ಎಂಬುದನ್ನು ಬಳಸುವವರು ಬಹಳ ಸಲ ಮರೆತೇಬಿಡುತ್ತಾರೆ. ಮಾತ್ರೆಯಾದರೆ ಹಿಂದೆಮುಂದೆ ನೋಡಿ ನುಂಗುವವರು, ಅದೇ ಮದ್ದು ಟ್ಯೂಬಿನಲ್ಲಿ ಬಂದ ಕೂಡಲೇ ಫೇಸ್ ಕ್ರೀಮಿನ ಸಾಲಿಗೆ ಸೇರಿಸಿ ವರ್ಷಗಟ್ಟಲೆ ಹಚ್ಚುತ್ತಾರೆ; ಇಲ್ಲವೇ ಒಂದು ವಾರ ಹಚ್ಚಿ, ಗುಣ ಕಾಣಲಿಲ್ಲವೆಂದು ಮೂಲೆಗೆ ಎಸೆಯುತ್ತಾರೆ. ಈ ಔಷಧವನ್ನು ಒಂಟಿಯಾಗಿ ಬಳಸಬಾರದು ಮತ್ತು ಇದಕ್ಕೊಂದು ಕೊನೆಯ ದಿನ ಇರಲೇಬೇಕು. ಮುಂದೆ ಹೇಳುವ ಕ್ರಮವೆಲ್ಲ ಈ ಎರಡು ಮಾತುಗಳ ಮೇಲೆ ನಿಂತಿದೆ.

ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಹದಿಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸ್ರವಿಸತೊಡಗುತ್ತವೆ. ಆ ಜಿಡ್ಡು ಸತ್ತ ಜೀವಕೋಶಗಳೊಡನೆ ಸೇರಿ ರೋಮಕೂಪದ ಬಾಯಿಯನ್ನು ಮುಚ್ಚುತ್ತದೆ. ಚರ್ಮದ ಮೇಲೆ ಸಹಜವಾಗಿಯೇ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಆ ಮುಚ್ಚಿದ ಕೂಪದೊಳಗೆ ಹೆಚ್ಚುತ್ತದೆ. ಅದರ ಬೆನ್ನಿಗೇ ಉರಿಯೂತ ಕಾಣಿಸಿಕೊಂಡು ಮೊಡವೆ ಕೆಂಪಾಗಿ ಬಾತು, ಕೀವು ಕಟ್ಟುತ್ತದೆ. ಆ್ಯಂಟಿಬಯಾಟಿಕ್ ಜೆಲ್ ಕೆಲಸ ಮಾಡುವುದು ಈ ಕೊನೆಯ ಎರಡು ಹಂತಗಳಲ್ಲಿ ಮಾತ್ರ. ಬ್ಯಾಕ್ಟೀರಿಯಾಗಳು ತಮಗೆ ಬೇಕಾದ ಪ್ರೋಟೀನ್ ತಯಾರಿಸದಂತೆ ಕ್ಲಿಂಡಾಮೈಸಿನ್ ತಡೆಯುತ್ತದೆ, ಜೊತೆಗೆ ಉರಿಯೂತವನ್ನೂ ಒಂದಿಷ್ಟು ತಗ್ಗಿಸುತ್ತದೆ. ಮುಚ್ಚಿಹೋದ ರಂಧ್ರವನ್ನು ತೆರೆಯುವ ಶಕ್ತಿ ಮಾತ್ರ ಅದಕ್ಕಿಲ್ಲ. ಹಾಗಾಗಿ ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್‌ಗಳಿಗಾಗಲೀ ಹಣೆಯ ಸಣ್ಣ ಬಿಳಿ ಗುಳ್ಳೆಗಳಿಗಾಗಲೀ ಇದನ್ನು ಹಚ್ಚಿ ಪ್ರಯೋಜನವಿಲ್ಲ; ಅವಕ್ಕೆ ರಂಧ್ರವನ್ನು ತೆರೆಯುವ, ಅಡಾಪಲೀನ್‌ನಂಥ ರೆಟಿನಾಯ್ಡ್ ಗುಂಪಿನ ಔಷಧ ಬೇಕು. ಚರ್ಮದ ಆಳದಲ್ಲಿ ಗಂಟುಗಟ್ಟಿ ನೋಯುವ, ಗುಣವಾದ ಮೇಲೆ ಕುಳಿ ಬೀಳಿಸುವ ಮೊಡವೆಗಳಿಗೂ ಬರೀ ಜೆಲ್ ಸಾಲದು, ಮಾತ್ರೆಯ ಚಿಕಿತ್ಸೆ ಬೇಕಾಗಬಹುದು.

ಒಂಟಿಯಾಗಿ ಬಳಸಬಾರದು ಎನ್ನುವುದಕ್ಕೆ ಬಲವಾದ ಕಾರಣವಿದೆ. ಎರಿಥ್ರೊಮೈಸಿನ್ ಮತ್ತು ಕ್ಲಿಂಡಾಮೈಸಿನ್ ಮೊಡವೆ ಚಿಕಿತ್ಸೆಗೆ ಬಂದದ್ದು 1970ರ ದಶಕದಲ್ಲಿ. ಆ ದಶಕ ಮುಗಿಯುವುದರೊಳಗೇ ಇವಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ವರದಿಯಾದವು. ಒಂದಕ್ಕೆ ಪ್ರತಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾ ಅನೇಕ ವೇಳೆ ಇನ್ನೊಂದಕ್ಕೂ ಬಗ್ಗುವುದಿಲ್ಲ. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್‌ನಂಥ ಬೇರೆ ಬ್ಯಾಕ್ಟೀರಿಯಾಗಳಿಗೂ ಈ ಪ್ರತಿರೋಧ ಬರುತ್ತದೆ. ಮನೆಯಲ್ಲಿ ಒಟ್ಟಿಗೆ ಇರುವವರ ಚರ್ಮಕ್ಕೂ ಅವು ದಾಟಬಲ್ಲವು. ಮೊಡವೆಗೆ ಹಚ್ಚುವ, ಆದರೆ ಆ್ಯಂಟಿಬಯಾಟಿಕ್ ಅಲ್ಲದ ಬೆನ್ಝಾಯ್ಲ್ ಪೆರಾಕ್ಸೈಡ್ ಎಂಬ ಔಷಧದ ಬೆಲೆ ತಿಳಿಯುವುದು ಇಲ್ಲಿಯೇ. ಅದು ಆಮ್ಲಜನಕವನ್ನು ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ, ದಶಕಗಳ ಬಳಕೆಯ ನಂತರವೂ ಅದರ ವಿರುದ್ಧ ಪ್ರತಿರೋಧ ಬೆಳೆದದ್ದು ಕಂಡುಬಂದಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ಆ್ಯಂಟಿಬಯಾಟಿಕ್‌ನಿಂದ ತಪ್ಪಿಸಿಕೊಂಡ ಬ್ಯಾಕ್ಟೀರಿಯಾವನ್ನು ಪೆರಾಕ್ಸೈಡ್ ಮುಗಿಸುತ್ತದೆ. ನಿಮ್ಮ ಚೀಟಿಯಲ್ಲಿ ಆ್ಯಂಟಿಬಯಾಟಿಕ್ ಒಂದೇ ಇದ್ದರೆ, ಜೊತೆಗೆ ಬೇರೇನೂ ಬೇಡವೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಮೊದಲು ವೈದ್ಯರ ಬಳಿ ಹೇಳಬೇಕಾದ್ದು

ಹಿಂದೆ ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ತೀವ್ರ ಭೇದಿಯಾಗಿದ್ದರೆ, ದೊಡ್ಡ ಕರುಳಿನ ಉರಿಯೂತದ ಕಾಯಿಲೆಯಿದ್ದರೆ, ಲಿಂಕೊಮೈಸಿನ್ ಅಥವಾ ಕ್ಲಿಂಡಾಮೈಸಿನ್‌ಗೆ ಅಲರ್ಜಿ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಮತ್ತು ಹಾಲೂಡಿಸುವವರು ಕೂಡ ಹೇಳಲೇಬೇಕು. ರೆಟಿನಾಯ್ಡ್ ಬೆರೆಸಿದ ಜೆಲ್‌ಗಳನ್ನು ಗರ್ಭಾವಸ್ಥೆಯಲ್ಲಿ ಕೊಡುವುದಿಲ್ಲ.

ಈ ಮುಂಚೆ ಮುಖಕ್ಕೆ ಏನೇನು ಹಚ್ಚಿದ್ದೀರಿ ಎಂಬುದನ್ನೂ ಮುಚ್ಚಿಡಬೇಡಿ. ಮೊಡವೆಗೋ ಬಣ್ಣ ತಿಳಿಯಾಗಲೆಂದೋ ಔಷಧದ ಅಂಗಡಿಯಲ್ಲಿ ಕೇಳಿ ತಂದ ಕ್ರೀಮುಗಳಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್‌ಗಳು ಇರುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಅವು ಮೊದಲ ಕೆಲವು ದಿನ ಕೆಂಪನ್ನು ಅಡಗಿಸಿ ಗುಣವಾದಂತೆ ತೋರಿಸುತ್ತವೆ; ನಿಲ್ಲಿಸಿದೊಡನೆ ಮೊಡವೆ ಇಮ್ಮಡಿಯಾಗಿ ಏಳುತ್ತದೆ, ಚರ್ಮ ತೆಳುವಾಗಿ ಸದಾ ಕೆಂಪಗೆ ಉರಿಯುತ್ತದೆ. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದೆ. ಆದ್ದರಿಂದ ಟ್ಯೂಬ್ ತಂದಾಗ ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರಗಳಲ್ಲಿರುವ ಔಷಧದ ಹೆಸರನ್ನು ಚೀಟಿಯೊಡನೆ ಇಟ್ಟು ಹೋಲಿಸಿ ನೋಡಿ. ಒಂದೇ ಬ್ರ್ಯಾಂಡಿನ ಹೆಸರಿಗೆ ಒಂದೆರಡು ಅಕ್ಷರ ಸೇರಿಸಿದ ಬೇರೆ ಟ್ಯೂಬಿನಲ್ಲಿ ಬೇರೆಯೇ ಮಿಶ್ರಣ ಇರಬಹುದು.

ಹಚ್ಚುವ ಕ್ರಮ

ಮೊದಲು ಕೈ ತೊಳೆದುಕೊಂಡು, ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ತೊಳೆದರೆ ಧಾರಾಳವಾಯಿತು. ಗಂಟೆಗೊಮ್ಮೆ ತಿಕ್ಕಿ ತೊಳೆಯುವುದರಿಂದ ಮೊಡವೆ ಕಡಿಮೆಯಾಗುವುದಿಲ್ಲ, ಚರ್ಮ ಒಣಗಿ ಔಷಧವನ್ನು ತಾಳಿಕೊಳ್ಳಲಾರದ ಸ್ಥಿತಿಗೆ ಬರುತ್ತದೆ. ಸ್ಕ್ರಬ್, ನಿಂಬೆರಸ, ಟೂತ್‌ಪೇಸ್ಟ್‌ಗಳನ್ನು ಈ ಅವಧಿಯಲ್ಲಿ ಪೂರ್ತಿ ಬಿಟ್ಟುಬಿಡಿ. ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆದು, ಮುಖ ಸಂಪೂರ್ಣ ಒಣಗುವವರೆಗೆ ಕಾಯಿರಿ, ಏಕೆಂದರೆ ಒದ್ದೆ ಚರ್ಮದ ಮೇಲೆ ಹಚ್ಚಿದರೆ ಉರಿ ಹೆಚ್ಚು.

ಇನ್ನು ಜೆಲ್. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು ಸಾಕು. ಅದನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆ, ಮೂಗು, ಎರಡು ಕೆನ್ನೆ, ಗಲ್ಲ ಹೀಗೆ ಐದು ಕಡೆ ಚುಕ್ಕಿಯಿಟ್ಟು, ಆಮೇಲೆ ತೆಳುವಾಗಿ ಎಲ್ಲೆಡೆ ಹರಡಿ. ಎದ್ದಿರುವ ಮೊಡವೆಯ ನೆತ್ತಿಗೆ ಮಾತ್ರ ಮುಟ್ಟಿಸುವುದು ಬಹುತೇಕ ಎಲ್ಲರೂ ಮಾಡುವ ತಪ್ಪು. ಇಂದು ನುಣುಪಾಗಿ ಕಾಣುವ ಕೆನ್ನೆಯ ಒಳಗೆ ಇನ್ನೆರಡು ವಾರಕ್ಕೆ ಏಳಲಿರುವ ಮೊಡವೆ ಆಗಲೇ ರೂಪುಗೊಳ್ಳುತ್ತಿರುತ್ತದೆ. ಮೊಡವೆ ಏಳುವ ಜಾಗವನ್ನೆಲ್ಲ ಔಷಧ ತಲುಪಿದರೆ ಮಾತ್ರ ಹೊಸವು ಕಡಿಮೆಯಾಗುತ್ತವೆ. ಕಣ್ಣಿನ ಸುತ್ತ, ತುಟಿ, ಬಾಯಿಯ ಅಂಚು ಮತ್ತು ಮೂಗಿನ ಹೊಳ್ಳೆಗಳನ್ನು ಬಿಡಬೇಕು. ಮುಗಿದ ಮೇಲೆ ಕೈ ತೊಳೆಯಿರಿ. ಮದ್ಯಸಾರವಿರುವ ದ್ರಾವಣವನ್ನು ಕೊಟ್ಟಿದ್ದರೆ ಅದು ಒಣಗುವ ಮುನ್ನ ಒಲೆಯ ಹತ್ತಿರ ಹೋಗಬಾರದು.

ಒಂದಕ್ಕಿಂತ ಹೆಚ್ಚು ಔಷಧಗಳಿದ್ದಾಗ ಆ್ಯಂಟಿಬಯಾಟಿಕ್ ಮತ್ತು ಬೆನ್ಝಾಯ್ಲ್ ಪೆರಾಕ್ಸೈಡ್ ಬೆಳಗ್ಗೆ, ಅಡಾಪಲೀನ್ ರಾತ್ರಿ ಎನ್ನುವ ಹಂಚಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಪಾಲಿಸಿ. ಶೇ 2.5ರ ಪೆರಾಕ್ಸೈಡ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ; ಶೇ 5 ಅಥವಾ 10 ಹಚ್ಚಿದರೆ ಹೆಚ್ಚುವುದು ಮುಖ್ಯವಾಗಿ ಉರಿ. ಆರಂಭದಲ್ಲಿ ದಿನ ಬಿಟ್ಟು ದಿನ ಹಚ್ಚಿ ಚರ್ಮಕ್ಕೆ ರೂಢಿ ಮಾಡಿಸಬಹುದು. ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ನೀಲಿ ದಿಂಬಿನ ಚೀಲದ ಮೇಲೆ ಕೆನ್ನೆ ತಾಗಿದ ಕಡೆ ಬಿಳಿ ಮಚ್ಚೆ ಮೂಡುತ್ತದೆ, ಸಮವಸ್ತ್ರದ ಕಾಲರು ಕಲೆಯಾಗುತ್ತದೆ. ಬಿಳಿ ಟವೆಲು, ಬಿಳಿ ದಿಂಬಿನ ಚೀಲ ಇಟ್ಟುಕೊಳ್ಳುವುದೇ ಸುಲಭ ಉಪಾಯ. ಮೊಡವೆಗೇ ಕೊಡುವ ಡ್ಯಾಪ್ಸೋನ್ ಎಂಬ ಇನ್ನೊಂದು ಜೆಲ್ ಹಚ್ಚುವವರು ಅದರ ಮೇಲೆ ಪೆರಾಕ್ಸೈಡ್ ಹಚ್ಚಿದರೆ ಚರ್ಮಕ್ಕೂ ಹುಬ್ಬಿಗೂ ತಾತ್ಕಾಲಿಕವಾಗಿ ಹಳದಿ ಬಣ್ಣ ಬರಬಹುದು. ಎರಿಥ್ರೊಮೈಸಿನ್ ಮತ್ತು ಕ್ಲಿಂಡಾಮೈಸಿನ್ ಅನ್ನು ಒಟ್ಟಿಗೆ ಬಳಸಬಾರದು. ಒಂದು ಇನ್ನೊಂದರ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಚರ್ಮ ಬಿಗಿದುಕೊಂಡಂತಾಗಿ ಸಿಪ್ಪೆ ಏಳುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಜೆಲ್ ಒಣಗಿದ ಮೇಲೆ ರಂಧ್ರ ಮುಚ್ಚದಂಥ, ಎಣ್ಣೆಯಂಶವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಹಗಲಿನಲ್ಲಿ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ನಮ್ಮ ಮೈಬಣ್ಣಕ್ಕೆ ಮೊಡವೆ ಮಾಯ್ದ ನಂತರ ಕಪ್ಪು ಕಲೆ ಉಳಿಯುವುದು ಹೆಚ್ಚು, ಬಿಸಿಲು ಅದನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಚರ್ಮ ಒಣಗಿತೆಂದು ಮುಖಕ್ಕೆ ಕೊಬ್ಬರಿ ಎಣ್ಣೆ ಸವರಬೇಡಿ. ತಲೆಗೆ ಎಣ್ಣೆ ಹಾಕುವವರು ಅದು ಹಣೆಗೆ ಇಳಿಯದಂತೆ ನೋಡಿಕೊಳ್ಳಬೇಕು.

ಕಾಯುವುದು, ನಿಲ್ಲಿಸುವುದು

ಸುಧಾರಣೆ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಮದುವೆಗೋ ಕಾಲೇಜಿನ ಸಮಾರಂಭಕ್ಕೋ ಹತ್ತು ದಿನ ಇರುವಾಗ ಶುರು ಮಾಡಿದವರಿಗೆ ನಿರಾಸೆ ಖಚಿತ. ದಿನಕ್ಕೆ ನಾಲ್ಕು ಸಲ ಹಚ್ಚಿದರೆ ಬೇಗ ವಾಸಿಯಾಗುವುದೂ ಇಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎಂದಿನಷ್ಟೇ ಹಚ್ಚಿ.

ಶುರು ಮಾಡಿದ ದಿನಾಂಕವನ್ನು ಪೆನ್ನಿನಿಂದ ಟ್ಯೂಬಿನ ಮೇಲೆಯೇ ಬರೆದಿಡಿ. ಸಾಮಾನ್ಯವಾಗಿ 12 ವಾರಗಳಿಗೆ ಆ್ಯಂಟಿಬಯಾಟಿಕ್ ನಿಲ್ಲಬೇಕು. ಗುಣವಾಗಿದ್ದರೂ ಆಗಿರದಿದ್ದರೂ ಆ ಹೊತ್ತಿಗೆ ವೈದ್ಯರನ್ನು ಕಾಣಬೇಕು. ಗುಣವಾಗಿದ್ದರೆ ಮೊಡವೆ ಮರಳದಂತೆ ಅಡಾಪಲೀನ್ ಅಥವಾ ಪೆರಾಕ್ಸೈಡ್ ಮಾತ್ರ ಮುಂದುವರಿಸುತ್ತಾರೆ. ಆಗಿರದಿದ್ದರೆ ರೋಗವೇ ಬೇರೆಯಿದ್ದೀತು: ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳು ಎದ್ದಿದ್ದರೆ ಅದು ಶಿಲೀಂಧ್ರದಿಂದ ಆದದ್ದಿರಬಹುದು, ಆ್ಯಂಟಿಬಯಾಟಿಕ್‌ನಿಂದ ಅದು ಹೆಚ್ಚಾಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲು ಹೆಚ್ಚಾಗಿದ್ದರೆ ಹಾರ್ಮೋನುಗಳ ತಪಾಸಣೆ ಬೇಕು.

ಮುಖ ಅಥವಾ ತುಟಿ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ಹಚ್ಚುವುದನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕ್ಲಿಂಡಾಮೈಸಿನ್ ಹಚ್ಚುತ್ತಿರುವಾಗ ಬಿಡದೆ ಭೇದಿಯಾದರೆ, ಅದರಲ್ಲಿ ರಕ್ತ ಕಂಡರೆ, ಜೆಲ್ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತಿಳಿಸಿ. ಇದು ತೀರಾ ಅಪರೂಪ, ಆದರೆ ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವೇ ನುಂಗುವಂಥ ಸಂದರ್ಭ ಅದಲ್ಲ.

ಟ್ಯೂಬಿನಲ್ಲಿ ಔಷಧ ಉಳಿದರೆ ಮುಂದಿನ ಮೊಡವೆಗೆಂದು ಎತ್ತಿಡುವುದಾಗಲೀ ತಂಗಿಗೋ ಗೆಳೆಯನಿಗೋ ಕೊಡುವುದಾಗಲೀ ಬೇಡ. ಮೊಡವೆ ಮತ್ತೆ ಬಂದರೆ ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗದೆ, ಅದನ್ನು ಬರೆದುಕೊಟ್ಟವರ ಬಳಿಗೇ ಹೋಗಿ.